ಟೈಲರಮ್ಮ ಓದಿ ಹೇಳಿದ್ದು

ಇಪ್ಪತ್ತೆರಡು ವರ್ಷದಲ್ಲಿ ಟೈಲರಮ್ಮ ಏಳು ಬಾಡಿಗೆ ಮನೆ ಬಿಟ್ಟಿದ್ದಳು. ಏಳಕ್ಕೂ ಕಾರಣ ಒಂದೇ, ಅವಳ ಹೊಲಿಗೆ ಮೆಷಿನ್. ಕೆಳಗಿನವರಿಗೆ ನಿದ್ದೆಯಿಲ್ಲ, ಪಕ್ಕದ ಮಕ್ಕಳಿಗೆ ಓದಲಾಗುವುದಿಲ್ಲ, ಗೋಡೆ ಅದುರುತ್ತದೆ. ಆರನೆಯ ಮನೆಯ ಮಾಲೀಕನಿಗಂತೂ ಆ ಸದ್ದಿಗೆ ತಲೆ ಸಿಡಿಯುತ್ತಿತ್ತಂತೆ. ತನ್ನ ಹದಿನಾಲ್ಕು ಕಿಟಕಿಗೆ ಪುಕ್ಕಟೆ ಪರದೆ ಹೊಲಿಸಿಕೊಂಡ ವಾರವೆಲ್ಲ ಆ ತಲೆನೋವು ಎಲ್ಲಿಗೆ ಹೋಗಿತ್ತೋ, ಕೇಳಬೇಕಿತ್ತು. ಕೇಳಲಿಲ್ಲ. ಬಾಡಿಗೆಯವರು ಬಾಯಿಗೆ ಬೀಗ ಹಾಕಿಕೊಂಡೇ ಬದುಕಬೇಕು.

ಈಗ ಸ್ವಂತ ಮನೆ ಕೈಗೆಟುಕುವಷ್ಟು ಹತ್ತಿರ ಬಂದಿತ್ತು. ಮುಂದೆ ಎರಡು ಕೋಣೆ, ನಡುವೆ ಅಡುಗೆಮನೆ, ಅಲ್ಲಿಂದ ಮೂರು ಮೆಟ್ಟಿಲು ಇಳಿದರೆ ಹಿಂದೊಂದು ಕೋಣೆ. ಆ ಕೋಣೆಗೆ ದೊಡ್ಡ ಕಿಟಕಿ, ಮಧ್ಯಾಹ್ನವಿಡೀ ಬೆಳಕು. ಮೊದಲ ಸಲ ನೋಡಿದಾಗಲೇ ಟೈಲರಮ್ಮ ಮೆಷಿನ್ ಎಲ್ಲಿಡುವುದೆಂದು ಕಣ್ಣಲ್ಲೇ ಅಳೆದುಬಿಟ್ಟಳು. ಅಲ್ಲೊಬ್ಬ ಹೆಂಗಸು ಕುಳಿತಿದ್ದಾಳೆಂಬುದು ಗಮನಕ್ಕೆ ಬಂದದ್ದು ಆಮೇಲೆ.

ಅವಳು ಮನೆ ಮಾರುವವನ ಅಕ್ಕ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದವಳು. ಸಕ್ಕರೆ ಕಾಯಿಲೆ ಕಣ್ಣು ತಿಂದುಹಾಕಿತ್ತು. ಕಿವಿ ಮಾತ್ರ ಹಾಗೇ ಇತ್ತು. ಟೈಲರಮ್ಮ ಬಾಗಿಲಲ್ಲಿ ಗಂಟಲು ಸರಿಮಾಡಿಕೊಂಡದ್ದೇ ತಡ, "ಹೋದ ಭಾನುವಾರ ಬಂದೋರು ನೀವಲ್ಲ, ಹೊಸಬರು" ಎಂದಳು. ಯಾರಿಂದಲೂ ಒಂದು ಮಾತನ್ನು ಎರಡು ಸಲ ಹೇಳಿಸಿದವಳಲ್ಲ ತಾನು, ಎಕ್ಸ್‌ಚೇಂಜಿನಲ್ಲಿ ಅದಕ್ಕೇ ತನಗೆ ಹೆಸರಿತ್ತು ಎಂದು ಅವಳು ಅವತ್ತೇ ಹೇಳಿಕೊಂಡಳು. ಸ್ವಲ್ಪ ಜಂಬವೇ. ಇರಲಿ, ಅವಳಿಗೆ ಉಳಿದಿದ್ದದ್ದೂ ಅದೊಂದೇ.

ಸಾಲ ಕೊಡಬೇಕಿದ್ದ ಬ್ಯಾಂಕಿನ ವಕೀಲ ಮನೆಯ ಕಾಗದಗಳನ್ನು ಓದಿ ಎರಡು ಕಡೆ ಬೆರಳಿಟ್ಟ. ಉಯಿಲು ಬರೆಯದೆ ಅಪ್ಪ ಸತ್ತಿರುವುದರಿಂದ ಅಕ್ಕನಿಗೂ ಪಾಲಿದೆ. ಅವಳು ಅದನ್ನು ತಮ್ಮನಿಗೆ ಬಿಟ್ಟು ಹಕ್ಕು ಬಿಡುಗಡೆ ಪತ್ರ ಮಾಡಿಕೊಡಬೇಕು.

"ಎರಡನೇದು, ಮನೆ ಖಾಲಿ ಇರಬೇಕು" ಎಂದ. "ಒಳಗೆ ಯಾರಿಗಾದ್ರೂ ವಾಸದ ಹಕ್ಕಿದೆ ಅಂದ್ರೆ ಬ್ಯಾಂಕು ಆ ಮನೇನ ಅಡಮಾನ ಹಿಡಿಯಲ್ಲ. ಚೆಕ್ ಕೊಡೋ ದಿನ ನಾನೇ ಬಂದು ನೋಡ್ತೀನಿ."

"ಎಷ್ಟು ದಿನ ಇದೆ ಸಾರ್ ನಮಗೆ?" ಎಂದು ಟೈಲರಮ್ಮನ ಗಂಡ ಕೇಳಿದ. ಅವನು ಪ್ರೆಸ್ಸಿನಲ್ಲಿ ಪುಸ್ತಕ ಬೈಂಡ್ ಮಾಡುವವನು, ಮಾತಿಗಿಂತ ಅಂಟು ಹೆಚ್ಚು ಬಳಸಿ ಗೊತ್ತು.

"ನಿಮಗೆ ಐವತ್ತು ತುಂಬೋವರೆಗೆ. ಆಮೇಲೆ ಈ ಬ್ಯಾಂಕಲ್ಲ, ಯಾವ ಬ್ಯಾಂಕೂ ನಿಮ್ಮ ಸಂಬಳಕ್ಕೆ ಇಷ್ಟು ಸಾಲ ಕೊಡಲ್ಲ."

ಅವನಿಗೆ ಐವತ್ತು ತುಂಬಲು ಹದಿನೆಂಟು ದಿನ ಉಳಿದಿತ್ತು.

ಮನೆ ಮಾರುವ ತಮ್ಮ ಔಷಧಿ ಅಂಗಡಿ ಇಟ್ಟವನು, ಬಾಯಲ್ಲಿ ಸಕ್ಕರೆ ಪಾಕ. ಅಕ್ಕನದೇನೂ ತಕರಾರಿಲ್ಲ, ದುಡ್ಡೂ ಬೇಡವೆಂದಿದ್ದಾಳೆ, ಚೆಕ್ಕಿನ ದಿನ ತನ್ನ ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದ. ಪತ್ರ ಸಿದ್ಧವಾಯಿತು, ನಾಲ್ಕು ಪುಟ. ಆದರೆ ಕಣ್ಣು ಕಾಣದವರು ಹೆಬ್ಬೆಟ್ಟು ಒತ್ತುವ ಮೊದಲು ಅದನ್ನು ಯಾರಾದರೂ ಪೂರ್ತಿ ಓದಿ ಹೇಳಬೇಕು, ಓದಿದವರು ಕೆಳಗೆ ಸಹಿ ಹಾಕಬೇಕು. ತಮ್ಮ ಓದುವುದು ಬೇಡ, ವಕೀಲನೂ ಬೇಡ ಎಂದು ಅಕ್ಕ ಪಟ್ಟು ಹಿಡಿದಳು.

"ಆ ಟೈಲರಮ್ಮ ಓದಲಿ. ಅವರ ದನೀಲಿ ನಯ ಇಲ್ಲ. ನಯ ಇಲ್ಲದೋರು ಸುಳ್ಳು ಹೇಳಲ್ಲ."

ಮನೆ ಕೊಳ್ಳುವವರೇ ಓದುವುದು ಚೆಂದವಲ್ಲವೆಂದು ವಕೀಲ ಮೂಗು ಮುರಿದ. ಕಾಗದ ಅಕ್ಕತಮ್ಮಂದಿರ ನಡುವಿನದು, ಅಡ್ಡಿಯಿಲ್ಲ ಎಂದು ಕೊನೆಗೆ ಒಪ್ಪಿದ.

ಮರುದಿನ ಮಧ್ಯಾಹ್ನ ಟೈಲರಮ್ಮ ಹಿಂದಿನ ಕೋಣೆಯಲ್ಲಿ ಕಾಗದ ಹಿಡಿದು ಕುಳಿತಳು. ತಮ್ಮ ಮುಂದಿನ ಕೋಣೆಯಲ್ಲಿದ್ದ. ಮಂಚ, ಕಬ್ಬಿಣದ ಟ್ರಂಕು, ಗೋಡೆಯುದ್ದಕ್ಕೂ ಕಟ್ಟಿದ ಹಗ್ಗ. ಅಕ್ಕ ಆ ಹಗ್ಗ ಹಿಡಿದು ಓಡಾಡುತ್ತಿದ್ದಳು. ಅದು ಸವೆದು ನುಣ್ಣಗಾಗಿತ್ತು.

"ಮೊದಲು ನನ್ನ ಕೋಣೆ ಸಾಲು ಓದಿ" ಎಂದಳು ಅಕ್ಕ.

"ಯಾವ ಸಾಲು?"

"ಈ ಕೋಣೆ ನಾನಿರೋವರೆಗೆ ನಂದೇ ಅಂತ. ಬರೆಸಿದೀನಿ ಅಂದ ನನ್ನ ತಮ್ಮ. ನೀವು ಒಪ್ಪಿದೀರಂತೆ. ಅದಿಲ್ದಿದ್ರೆ ನಾನು ಹೆಬ್ಬೆಟ್ಟು ಒತ್ತಲ್ಲ, ಈಗಲೇ ಹೇಳಿಬಿಡ್ತೀನಿ."

ಟೈಲರಮ್ಮ ನಾಲ್ಕೂ ಪುಟದ ಮೇಲೆ ಕಣ್ಣಾಡಿಸಿದಳು. ಅಂಥ ಸಾಲಿರಲಿಲ್ಲ. ಬರೆಸೋಣವೆಂದರೆ ಸಾಲ ಸಿಗುವುದಿಲ್ಲ. ಇಲ್ಲವೆಂದರೆ ಮನೆ ಸಿಗುವುದಿಲ್ಲ. ಒಂಬತ್ತನೆಯ ಬಾಡಿಗೆ ಮನೆ, ಹತ್ತನೆಯದು, ಮೆಷಿನ್ನಿನ ಕೆಳಗೆ ಮಡಿಸಿದ ಕಂಬಳಿ, ಸಂಜೆ ಆರರ ಮೇಲೆ ಪೆಡಲಿಗೆ ಕಾಲು ಇಡಬೇಡಿ ಎನ್ನುವ ಮಾಲೀಕರು. ಎದುರಿಗೆ ಅಕ್ಕ ಕಿವಿಯನ್ನು ಇತ್ತ ತಿರುಗಿಸಿ ಕಾಯುತ್ತಿದ್ದಳು.

ಟೈಲರಮ್ಮ ಓದತೊಡಗಿದಳು. "ಸದರಿ ಮನೆಯ ಹಿಂಬದಿಯ ಕೋಣೆ, ಅದರ ಕಿಟಕಿ ಮತ್ತು ಹಿತ್ತಿಲ ಬಾಗಿಲು ಸಹಿತವಾಗಿ, ಅಕ್ಕನವರು ಜೀವಂತವಿರುವವರೆಗೆ ಅವರ ವಾಸಕ್ಕೇ ಮೀಸಲಾಗಿರತಕ್ಕದ್ದು."

ಹರಿದ ಬಟ್ಟೆಗೆ ಅದೇ ಬಣ್ಣದ ದಾರ ಹುಡುಕಿ ಹೊಲಿದಂತೆ, ಜೋಡಣೆ ಎಲ್ಲೂ ಕಾಣಲಿಲ್ಲ. 'ಇರತಕ್ಕದ್ದು' ಎಂಬ ಮಾತು ಅವಳ ಬಾಯಿಗೆ ಹೇಗೆ ಬಂತೋ ಅವಳಿಗೇ ತಿಳಿಯದು. ಉಳಿದದ್ದನ್ನೆಲ್ಲ ಇದ್ದಂತೆಯೇ ಓದಿದಳು. ವಕೀಲ ನೋಡಿ ಹೋದಮೇಲೆ ಈಕೆ ಇಲ್ಲೇ ಇರಲಿ, ಯಾರು ಕೇಳುತ್ತಾರೆ, ಮೆಷಿನ್ ಅಡುಗೆಮನೆಯಲ್ಲಿಟ್ಟರಾಯಿತು ಎಂದು ಒಳಗೊಳಗೇ ಹೇಳಿಕೊಂಡಳು. ಸುಳ್ಳು ಹೇಳಿದವರಿಗೆಲ್ಲ ಇಂಥ ಒಳ್ಳೆಯತನ ತಕ್ಷಣ ಹುಟ್ಟಿಕೊಳ್ಳುತ್ತದೆ.

"ಕಿಟಕೀನೂ ಸೇರಿಸಿದಾರಲ್ಲ" ಎಂದು ಅಕ್ಕ ನಕ್ಕಳು. "ಪರವಾಗಿಲ್ಲ ನನ್ನ ತಮ್ಮ."

ನೋಂದಣಿ ಕಚೇರಿಯಲ್ಲಿ ಓದಿ ಹೇಳಿದ್ದಾರಾ ಎಂದು ಕೇಳಿದರು. ಹೇಳಿದ್ದಾರೆ ಎಂದು ಅಕ್ಕ ಹೆಬ್ಬೆಟ್ಟು ಒತ್ತಿದಳು. ಕೆಳಗೆ ಟೈಲರಮ್ಮ ಸಹಿ ಹಾಕಿದಳು.

ಚೆಕ್ಕಿನ ದಿನ ಬಂತು. ಗಂಡನಿಗೆ ಐವತ್ತಾಗಲು ಎರಡೇ ದಿನ. ಮುಂದಿನ ಕೋಣೆಗಳು ಖಾಲಿ, ಅಡುಗೆಮನೆ ಖಾಲಿ. ವಕೀಲ ಮೂರು ಮೆಟ್ಟಿಲಿಳಿದು ನಿಂತುಬಿಟ್ಟ. ಮಂಚದ ಮೇಲೆ ಅಕ್ಕ ಕುಳಿತಿದ್ದಳು. ತಮ್ಮ ಬೆಳಗಿನಿಂದ ಕರೆದು ಕರೆದು ಸೋತಿದ್ದ.

"ನಾನ್ಯಾಕೆ ಹೋಗ್ಲಿ? ಕಾಗದದಲ್ಲೇ ಇದೆಯಲ್ಲ" ಎಂದಳು ಅಕ್ಕ. ಆಮೇಲೆ ನಂಬರ್ ಒಪ್ಪಿಸುವ ಟೆಲಿಫೋನ್ ಆಪರೇಟರ್ ದನಿಯಲ್ಲಿ ಆ ಸಾಲನ್ನು ಹೇಳಿದಳು. ಒಂದಕ್ಷರ ಬಿಡಲಿಲ್ಲ. ಕಿಟಕಿ ಮತ್ತು ಹಿತ್ತಿಲ ಬಾಗಿಲು ಸಹಿತವಾಗಿ.

ವಕೀಲ ಚೀಲದಿಂದ ಪತ್ರ ತೆಗೆದು ನಾಲ್ಕೂ ಪುಟ ತಿರುವಿದ. "ಇದರಲ್ಲಿ ಅಂಥದ್ದೇನೂ ಇಲ್ಲಮ್ಮ."

ಅಕ್ಕ ಗಾಬರಿಯಾಗಲಿಲ್ಲ. "ಹಾಗಾದ್ರೆ ಕಾಗದ ಬದಲಾಯಿಸಿದಾರೆ. ಟೈಲರಮ್ಮ, ಇಲ್ಲೇ ಇದೀರಲ್ಲ, ಉಸಿರು ಕೇಳಿಸ್ತಿದೆ. ನೋಡಿ ಹೇಳಿ. ನೀವು ಓದಿದ್ದು ಈ ಕಾಗದ ಅಲ್ಲ ಅಲ್ವಾ?"

ವಕೀಲ ಪತ್ರವನ್ನು ಟೈಲರಮ್ಮನ ಕೈಗೆ ಕೊಟ್ಟ. ತಮ್ಮ ಅವಳ ಮುಖವನ್ನೇ ನೋಡುತ್ತಿದ್ದ. ಗಂಡ ನೆಲ ನೋಡುತ್ತಿದ್ದ. ಅಲ್ಲ ಎಂದರೆ ವಕೀಲ ಚೆಕ್ಕನ್ನು ಚೀಲದೊಳಗೇ ಇಟ್ಟುಕೊಂಡು ಹೋಗುತ್ತಾನೆ. ನಿಜ ಹೇಳಿದರೆ ಕೆಳಗಿರುವ ತನ್ನ ಸಹಿಗಾಗಿ ಪೊಲೀಸರಿಗೆ ಉತ್ತರ ಕೊಡಬೇಕು. ಅವಳಿಗೆ ಅಸಹ್ಯವಾಗುತ್ತಿತ್ತು, ತನ್ನ ಮೇಲೆಯೇ. ಆದರೂ ದನಿ ಮಾತ್ರ ಎಂದಿನಂತೆ ಒರಟಾಗಿಯೇ ಬಂತು.

"ಇದೇ ಕಾಗದ. ಇದರಲ್ಲಿ ಇರೋದನ್ನೇ ಓದಿದ್ದು. ನಿಮಗೆ ಬೇರೆ ಏನೋ ಕೇಳಿಸಿರಬೇಕು ಅಕ್ಕ."

ಅಕ್ಕ ಕೈಯೆತ್ತಿ ಒಂದು ಕಿವಿ ಮುಟ್ಟಿ ನೋಡಿಕೊಂಡಳು, ಆಮೇಲೆ ಇನ್ನೊಂದು. ಜಗಳ ಮಾಡುತ್ತಾಳೆಂದು ಎಲ್ಲರೂ ಕಾದರು. ಅವಳು ಜಗಳ ಮಾಡಲಿಲ್ಲ. ನಯ ಇಲ್ಲದೋರು ಸುಳ್ಳು ಹೇಳಲ್ಲ ಎಂದವಳು ಅವಳೇ ಅಲ್ಲವೇ.

"ಹಾಗಾದ್ರೆ ಇದೂ ಹೋಯ್ತು ಅನ್ನಿ" ಎಂದಷ್ಟೇ ಹೇಳಿ ಎದ್ದು ನಿಂತಳು.

ತಮ್ಮ ಟ್ರಂಕು ಎತ್ತಿಕೊಂಡ. ಇವತ್ತಿನಿಂದ ಅಕ್ಕನ ವಾಸ ಬೇರೆ ಕಡೆ ಎಂದು ವಕೀಲ ಒಂದು ಹಾಳೆಯಲ್ಲಿ ಬರೆದು ಅವನ ಸಹಿ ಹಾಕಿಸಿಕೊಂಡ, ಚೆಕ್ ಕೊಟ್ಟ. ಅಕ್ಕ ಹಗ್ಗ ಹಿಡಿದು ಅದು ಮುಗಿಯುವಲ್ಲಿಗೆ ಬಂದು ನಿಂತಳು. ಮುಂದೆ ಹಿಡಿಯಲು ಏನೂ ಇರಲಿಲ್ಲ. ಟೈಲರಮ್ಮ ಅವಳ ಮೊಣಕೈ ಹಿಡಿದುಕೊಂಡಳು.

"ಮೂರು ಮೆಟ್ಟಿಲಿದೆ ಅಕ್ಕ."

ಹುಟ್ಟಿದಂದಿನಿಂದ ಆ ಮೆಟ್ಟಿಲು ಹತ್ತಿಳಿದವಳು ತಲೆಯನ್ನು ದನಿಯ ಕಡೆ ವಾಲಿಸಿದಳು.

"ಏನಂದ್ರಿ? ಇನ್ನೊಂದ್ಸಲ ಹೇಳಿ."