ಬರ್ನಿಸ್ ಆಂಟಿಯ ಪಕ್ಕದ ಸೀಟು

ನುಸಿಗುಳಿಗೆಯ ವಾಸನೆ, ಕಾಲರಿನಿಂದಲೇ, ಜೊತೆಗೆ ಹಳೇ ಪೈಪಿನ ಹೊಗೆ — ಬರ್ನಿಸ್ ಆಂಟಿಯ ಗಂಡ ಸ್ಟಾನ್ ಅಂಕಲ್‌ದು, ಸೊಂಟದ ಆಪರೇಷನ್ ಆಗಿ ಮನೆಯಲ್ಲಿ ಟೀವಿ ಮುಂದೆ ಮಲಗಿರುವ, ಎಮರಿ ಒಮ್ಮೆಯೂ ಮುಖ ನೋಡಿರದ ಮನುಷ್ಯನ ಕೋಟು ಇದು, ಕಡುನೀಲಿ, ಎದೆಯ ಮೇಲೆ ಹ್ಯಾಲೊರನ್ ಕಾಲೇಜಿನ ಕರಡಿ ಬೇರೆ, ಲೂಸಿಯಾನಾದ ಹುಡುಗನಿಗೆ ಕರಡಿ ವೇಷ, ಅಜ್ಜಿ ನೋಡಿದರೆ ಗಂಬೋ ಸಾರಿನ ಪಾತ್ರೆಯಲ್ಲಿ ಅದ್ದಿ ತೆಗೆದಾಳು, ಅಗೋ ಅಲ್ಲೇ ಇದ್ದಾಳೆ ಅಜ್ಜಿ, ಎದುರಿನ ಮೂಲೆಯಲ್ಲಿ, ಹದ್ದಿಗೂ ತಲೆ ಸುತ್ತುವ ಎತ್ತರದಲ್ಲಿ, ಎಂಬತ್ತು ಸಾವಿರ ನೀಲಿಯ ನಡುವೆ ಕಿತ್ತಳೆ ಬಣ್ಣದ ಒಂದು ತೇಪೆ, ಈ ಅಮೆರಿಕನ್ ಫುಟ್ಬಾಲ್ ಪಂದ್ಯಕ್ಕೆ ಎದುರಾಳಿಯಾದ ನಮ್ಮೂರ ಕಾಲೇಜಿಗೆ ಇಷ್ಟೇ ಎಂದು ಬಿಸಾಕಿದ ಮೂರೂವರೆ ಸಾವಿರ ಸೀಟು, ಅದರಲ್ಲೂ ದೇಣಿಗೆ ಕೊಟ್ಟ ಹಲ್ಲಿನ ಡಾಕ್ಟರುಗಳಿಗೆ ಮೊದಲು, ಆಮೇಲೆ ಅವರ ಭಾವಮೈದುನರಿಗೆ, ಆಟಗಾರರ ಮನೆಯವರಿಗೆ ತಲಾ ನಾಲ್ಕು, ಅಮ್ಮ, ಅಪ್ಪ, ಅಜ್ಜಿ, ನಾಲ್ಕನೆಯದು ತಂಡದಲ್ಲಿ ಚೆಂಡು ಒದೆಯುವ ತಮ್ಮ ಥಿಯೋನ ಗೆಳತಿಗೆ — ಆರ್ ವಾರದ್ ಗೆಳತಿ ಕಣೋ, ನಾನು ಹತ್ತೊಂಬತ್ ವರ್ಷದಿಂದ ನಿನ್ ಅಣ್ಣ, ಎಂದು ಫೋನಿನಲ್ಲಿ ಕೂಗಿದರೆ ಆ ಕಡೆಯಿಂದ ಥಿಯೋ ತಣ್ಣಗೆ, ಅವ್ಳು ನನ್ ಚಡ್ಡಿಗೆ ಇರುವೆ ಬಿಟ್ಟಿಲ್ಲ ಎಮರಿ, ನೀನ್ ಬಿಟ್ಟಿದ್ದೀಯ. ನ್ಯಾಯವೇ. ಇರುವೆ ಬಿಟ್ಟದ್ದು ನನ್ನ ಒಂಬತ್ತನೇ ವಯಸ್ಸಿನಲ್ಲಿ, ಸೇಡು ನನ್ನ ಇಪ್ಪತ್ತೆರಡರಲ್ಲಿ, ಪಕ್ಕಾ ಸಿನಿಮಾ. ಫೋನಿನಲ್ಲಿ ಹುಡುಕಿದರೆ ಇನ್ನೂರ ಹತ್ತು ಡಾಲರಿನ ಸೀಟು ಹಲ್ಲುಜ್ಜಿ ಬರುವಷ್ಟರಲ್ಲಿ ಆರುನೂರ ನಲವತ್ತು, ಅವತ್ತೊಂದು ದಿನ ಹಲ್ಲುಜ್ಜದಿದ್ದರೆ ಏನು ಮುಳುಗಿಹೋಗುತ್ತಿತ್ತು, ಹದಿನಾರು ತಾಸು ಕಾರು ಓಡಿಸಿ ಇಲ್ಲಿನ ತಿಂಡಿ ಹೋಟೆಲಿನ ಮುಂದೆ ರಟ್ಟಿನ ಮೇಲೆ ಬರೆದು ಹಿಡಿದು ನಿಂತದ್ದು, ತಮ್ಮ ಒದೀತಾನೆ, ಅಣ್ಣ ನೋಡ್ಬೇಕು, ಸೀಟ್ ಕೊಡಿ ಇಲ್ಲಾ ಹಾಡ್ತೀನಿ, ಹಾಡಿಯೂ ಬಿಟ್ಟ, ಎರಡನೇ ಚರಣಕ್ಕೆ ಈ ಬರ್ನಿಸ್ ಆಂಟಿ ಪ್ಯಾನ್‌ಕೇಕ್ ಬಿಟ್ಟು ಹೊರಗೆ ಬಂದು, ಸಾಕು ನಿಲ್ಸೋ ಮಾರಾಯಾ, ಟಿಕೆಟ್ ಮೇಲೆ ಬರ್ದಿರೋ ನೂರ ಹತ್ತೇ ಕೊಡು, ನಾನೇನ್ ಡಕಾಯ್ತಿ ಮಾಡೋಕ್ ಬಂದಿಲ್ಲ, ಆದ್ರೆ ಬಾಯ್ ಬಿಟ್ಟೆ ಅಂದ್ರೆ — ಎಂದು ಕೈಚೀಲದಿಂದ ಕಾಲೇಜಿನ ಪತ್ರ ತೆಗೆದಳು, ಎದುರಾಳಿ ಕಡೆಯವರನ್ನು ಕೂರಿಸಿಕೊಂಡರೆ ವರ್ಷವಿಡೀ ಸೀಟು ಕಾದಿರಿಸಿದವರಿಗೆ ಮುಂದಿನ ವರ್ಷದಿಂದ ಸೀಟಿಲ್ಲ, ಮೂವತ್ತೊಂದು ವರ್ಷದ ಸೀಟು, ಸ್ಟಾನ್ ನಂಗ್ ಸಿಕ್ಕಿದ್ದೇ ಈ ಬೆಂಚಲ್ಲಿ ಕಣೋ, ಸಾಸಿವೆ ಸಾಸ್ ಚೆಲ್ಲಿದ್ದ ನನ್ ಮೇಲೆ. ಎಮರಿ ಎದೆ ಮುಟ್ಟಿಕೊಂಡು, ಆಂಟಿ, ಈ ಬಾಯಿಗೆ ನಾನೇ ಬೀಗ, ನಾನೇ ಪೊಲೀಸ್, ಎಂದ, ತಲೆಯೊಳಗೆ ಡೋಲು ಬಾರಿಸುತ್ತಿತ್ತು.

ಡೋಲಲ್ಲ ಈಗ ಬಾರಿಸುತ್ತಿರುವುದು, ಹಲ್ಲು, ಎಂಥ ಚಳಿ ಇದು, ಮೂಗು ಇದೆಯೋ ಬಿದ್ದುಹೋಯಿತೋ, ಹಿಂದಿನ ಸಾಲಿನ ದೈತ್ಯ, ಡ್ವೇನ್ ಎಂಬಾತ, ಭುಜ ತಟ್ಟುತ್ತಾನೆ, ಏನ್ ಗುರು, ಮಾತೇ ಇಲ್ಲ, ಯಾರ್ ಕಡೆಯವ್ನು ನೀನು, ಎಮರಿ ಬಾಯಿ ತೆರೆದರೆ ಲೂಸಿಯಾನಾದ ರಾಗ ಉದುರುತ್ತದೆ, ಬರ್ನಿಸ್ ಆಂಟಿಯೇ ತಟ್ಟನೆ, ನನ್ ತಂಗಿ ಮಗ, ಗಂಟಲಿನ ಆಪರೇಷನ್ ಆಗಿದೆ ಪಾಪ. ಏನು ಮನೆಯಪ್ಪಾ ಇದು, ಗಂಡನಿಗೆ ಸೊಂಟ, ತಂಗಿ ಮಗನಿಗೆ ಗಂಟಲು, ನರ್ಸಿಂಗ್ ಹೋಮೇ ತೆರೆಯಬಹುದು, ಡ್ವೇನ್ ಕರಗಿ ತನ್ನ ಬಿಸಿ ಸೂಪಿನ ಲೋಟವನ್ನೇ ಇವನ ಕೈಗಿಡುತ್ತಾನೆ, ಶತ್ರುವಿನ ಸೂಪು, ಛೆ, ರುಚಿಯಾಗಿದೆ. ಮೆಟ್ಟಿಲ ಮೇಲೆ ಹಳದಿ ಜಾಕೆಟ್ಟಿನ ಕಾವಲಿನವನು, ಸಾಲು ಸಾಲೇ ಕಣ್ಣಾಡಿಸುತ್ತಾ, ಯಾವ ಸೀಟು, ಯಾರದು, ಬರೆದುಕೊಳ್ಳುತ್ತಾ. ಅಷ್ಟರಲ್ಲಿ ಥಿಯೋ ಮೈದಾನಕ್ಕೆ ಬಂದ, ಮೊದಲನೇ ಕಿಕ್, ಆ ಮೂಲೆಯಲ್ಲಿ ಮೂರೂವರೆ ಸಾವಿರ ಜನ ಬಲಗಾಲಿನ ಬೂಟು ಬಿಚ್ಚಿ ಮೇಲೆತ್ತಿದರು, ನಮ್ಮ ಹುಡುಗ ಒದೆಯುವಾಗ ಬೂಟು ಎತ್ತದಿದ್ದರೆ ಚೆಂಡು ಕಂಬದಾಚೆ ಹೋಗುತ್ತದೆಂದು ಊರಿನ ನಂಬಿಕೆ, ಚರ್ಚಿನ ಪಾದ್ರಿಯೂ ಎತ್ತುತ್ತಾರೆ, ಇಲ್ಲಿಂದ ನೋಡಿದರೆ ಆಕಾಶಕ್ಕೆ ಅಂಟಿದ ಸಾವಿರಾರು ಕಾಲಿಲ್ಲದ ಬೂಟು, ಚೆಂಡು ನೇರ ಎರಡು ಕಂಬದ ಮಧ್ಯೆ, ಮೂರು ಅಂಕ, ಎಮರಿ ಸೂಪಿನೊಳಗೆ ಮುಖ ಹುದುಗಿಸಿ ನಕ್ಕ, ಮೂಗಿಗೆ ಹೋಯಿತು, ಕೆಮ್ಮಿದ, ಡ್ವೇನ್ ಬೆನ್ನು ಗುದ್ದಿ, ಪಾಪ ಹೊಲಿಗೆ ಬಿಚ್ಕೊಳ್ಳುತ್ತೇನೋ ಆಂಟಿ.

ಈಗ ನಾಲ್ಕೇ ಸೆಕೆಂಡ್ ಬಾಕಿ, ನಮ್ಮವರು ಎರಡೇ ಅಂಕ ಹಿಂದೆ, ಮತ್ತೆ ಥಿಯೋ, ಒಬ್ಬನೇ ನಡೆದು ಬರುತ್ತಿದ್ದಾನೆ, ಕಾಲು ಅಷ್ಟು ಸಣ್ಣದಾ ಇವನದು, ಆ ಕಾಲೇ ಅಲ್ಲವಾ ಸೈಕಲ್ಲಿನ ಚಕ್ರಕ್ಕೆ ಸಿಕ್ಕಿದ್ದು, ತಳ್ಳಿದ್ದು ನಾನೇ, ಆಸ್ಪತ್ರೆವರೆಗೂ ಹೊತ್ತಿದ್ದೂ ನಾನೇ, ಎಂಬತ್ತು ಸಾವಿರ ಗಂಟಲು ಬೊಬ್ಬೆ ಹೊಡೆಯುತ್ತಿದೆ, ಈ ಕಡೆ ನೋಡ್ಬೇಡ ಥಿಯೋ, ಮೂಲೆ ನೋಡು, ಬೂಟು ನೋಡು, ಎದ್ದವು ಬೂಟುಗಳು, ಎಲ್ಲವೂ — ಏಯ್ ಆಂಟಿ, ನಿಮ್ ತಂಗಿ ಮಗ ಯಾಕೆ ಬೂಟ್ ಬಿಚ್ತಿದಾನೆ, ಡ್ವೇನ್ ಕೇಳುತ್ತಿದ್ದಾನೆ, ಎಮರಿ ಕೆಳಗೆ ನೋಡುತ್ತಾನೆ, ದಾರ ಬಿಚ್ಚಿದ್ದು ಯಾವಾಗ, ಕೈಯಲ್ಲಿ ಬೂಟು, ಕಾಲುಚೀಲ ನೇರ ಹಿಮದ ಮೇಲೆ, ಹಳದಿ ಜಾಕೆಟ್ಟು ಇತ್ತಲೇ ತಿರುಗಿದೆ, ಮೂವತ್ತೊಂದು ವರ್ಷ, ಸಾಸಿವೆ ಸಾಸು, ಎತ್ತಬೇಡ, ಎತ್ತದಿದ್ದರೆ ಚೆಂಡು — ಕಾಲ್ ಬೆವರುತ್ತೆ ಅವ್ನಿಗೆ, ನಿಂಗ್ಯಾಕೋ, ಎಂದು ಬರ್ನಿಸ್ ಆಂಟಿ ಬೂಟು ಕಿತ್ತು ತನ್ನ ಮಡಿಲಲ್ಲಿಟ್ಟುಕೊಂಡು ಮೇಲೆ ಎರಡೂ ಕೈ ಮುಚ್ಚಿದಳು, ಥಿಯೋ ಒದ್ದ. ಚೆಂಡು ತೂರಾಡುತ್ತಾ, ಎಡಕ್ಕೆ, ಇನ್ನೂ ಎಡಕ್ಕೆ, ಕಂಬಕ್ಕೆ ಟಣ್, ಒಳಕ್ಕೆ. ಒಳಕ್ಕೆ! ಎಂಬತ್ತು ಸಾವಿರ ಬಾಯಿ ಒಟ್ಟಿಗೆ ಬಂದ್, ಇವನ ಬಾಯಿಯೂ ಬಂದ್, ಹಲ್ಲು ಕಚ್ಚಿ, ತುಟಿ ಕಚ್ಚಿ, ಕರಡಿಯನ್ನೇ ಕಚ್ಚಿ, ಬಾಯಿಂದ ಬಿಡದ್ದೆಲ್ಲ ಕಣ್ಣಿಂದ ಬುಳುಬುಳು, ಆಗ ಡ್ವೇನ್ ಹಿಂದಿನಿಂದ ಬಾಚಿ ತಬ್ಬಿಕೊಂಡು, ಅಳ್ಬೇಡ ಮರಿ, ಮುಂದಿನ್ ವರ್ಷ ನಾವೇ ಗೆಲ್ಲೋದು, ಎಂದು ತಾನೂ ಗೊಳೋ, ಹಳದಿ ಜಾಕೆಟ್ಟು ಟೋಪಿ ತೆಗೆದು ಮೂಗೊರೆಸಿಕೊಂಡು ಮುಂದೆ ಹೋಯಿತು, ನೋಡ್ರೋ ಎಂಥಾ ಅಭಿಮಾನ ನಮ್ ಹುಡುಗ್ರದ್ದು, ಎನ್ನುತ್ತಾ. ಬರ್ನಿಸ್ ಆಂಟಿ ಇವನ ಕಿವಿಯಲ್ಲಿ, ಸಾಕ್ ಮಾಡೋ ನಾಟಕದವ್ನೇ, ಎಂದಳು, ನಾಟಕವಲ್ಲ ಆಂಟಿ, ಆದರೆ ಹೇಳಲಾಗದು, ಡ್ವೇನನ ತೋಳಿನ ಸಂದಿಯಲ್ಲಿ ಒಂದೇ ಒಂದು ಕಿಂಡಿ, ಕಿಂಡಿಯಲ್ಲಿ ಆ ಮೂಲೆ, ಅಲ್ಲಿ ಬೂಟುಗಳು, ಮೇಲಕ್ಕೆ ಎಸೆದಿದ್ದಾರೆ, ಮೂರೂವರೆ ಸಾವಿರ, ಗಾಳಿಯಲ್ಲಿ, ಒಂದೂ ಇನ್ನೂ ಕೆಳಗೆ ಬಿದ್ದಿಲ್ಲ, ಬೂಟುಗಳು, ಗಾಳಿಯಲ್ಲಿ, ಬೂಟುಗಳು —