ಕೆಂಪು ಲಾಡಿಯ ಬೂಟು

ನಾನು ಒಂದು ಬೂಟು. ಎಡಗಾಲಿನದು. ದೂರದ ಊರಿನ ಕಾರ್ಖಾನೆಯೊಂದರಲ್ಲಿ ಬಟ್ಟೆ ಹೊಲಿದು, ರಬ್ಬರಿನ ಅಟ್ಟೆಗೆ ಅಂಟಿಸಿ ನನ್ನನ್ನು ಮಾಡಿದರು. ಬಲಗಾಲಿನದು ನನ್ನ ಅವಳಿ. ಇಬ್ಬರ ಬಾಯಿಗೂ ಕಾಗದ ತುರುಕಿ, ಒಂದೇ ಡಬ್ಬಿಯಲ್ಲಿ ಮಲಗಿಸಿ ರಾಣೇಬೆನ್ನೂರಿಗೆ ಕಳಿಸಿದರು. ಬಾಯಿ ಮುಚ್ಚಿಕೊಂಡಿರುವುದನ್ನು ನಾನು ಕಲಿತದ್ದು ಹಾಗೆ.

ನಮ್ಮನ್ನು ಕೊಂಡವಳು ಗಂಗವ್ವ. ಅವಳ ಗಂಡ ಬಸವಣ್ಣೆಪ್ಪ ಪೇಟೆಯಲ್ಲಿ ಬೀಜದ ಅಂಗಡಿ ಇಟ್ಟವನು. ಗಂಗವ್ವನಿಗೆ ಸಕ್ಕರೆ ಕಾಯಿಲೆ, ನಡೆಯಬೇಕು ಎಂದು ಡಾಕ್ಟರು ಹೇಳಿದ್ದರಂತೆ. ಸೀರೆಯ ಕೆಳಗೆ ನಮ್ಮನ್ನು ಹಾಕಿಕೊಂಡು ಓಣಿಯ ತುದಿಯವರೆಗೆ ಹೋದಳು. ಕಟ್ಟೆಯ ಮೇಲಿನಿಂದ ಯಾರೋ ಕೂಗಿದರು: "ಯಾಕ ಗಂಗಕ್ಕಾ, ಪೊಲೀಸ್ ನೌಕರಿ ಸಿಕ್ತೇನ?" ಅಲ್ಲಿಂದಲೇ ತಿರುಗಿ ಬಂದು ನಮ್ಮನ್ನು ಮಗಳ ಮುಂದೆ ಇಟ್ಟಳು. "ನೀನರ ಹಾಕ್ಕೊ."

ಮಗಳು ನೀಲಾಂಬಿಕಾ. ಬಿ.ಎ. ಮುಗಿಸಿ ಮನೆಯಲ್ಲಿದ್ದಳು. ಮನೆಯಲ್ಲಿ ಮಾತು ಕಡಿಮೆ. ಆದರೆ ಬೆಳಗಾಗುತ್ತಲೇ ಹೈಸ್ಕೂಲಿನ ಮೈದಾನಕ್ಕೆ ಹೋದಳೆಂದರೆ, ಸುತ್ತು ಹಾಕುತ್ತ ತನ್ನಷ್ಟಕ್ಕೆ ತಾನೇ ಏನೇನೋ ಹೇಳಿಕೊಳ್ಳುತ್ತಿದ್ದಳು. ಅದನ್ನು ಕೇಳಿದವರು ನಾವಿಬ್ಬರೇ. ಒಮ್ಮೆ ನನ್ನ ದಾರ ಹರಿಯಿತು. ಗಂಗವ್ವ ಹಳೆಯ ಲಂಗದ ಕೆಂಪು ಲಾಡಿ ಕಿತ್ತು ನನಗೆ ಪೋಣಿಸಿದಳು. ಬಲಗಾಲಿನದಕ್ಕೆ ಬಿಳಿ, ನನಗೆ ಕೆಂಪು. ಊರಿನ ಸಾವಿರ ಬೂಟುಗಳ ನಡುವೆ ನನ್ನನ್ನು ಗುರುತಿಸಬಹುದಿತ್ತು.

ಒಂದು ಬೆಳಿಗ್ಗೆ ಮೈದಾನದ ಬೇವಿನ ಮರದ ಹತ್ತಿರ ಅವಳು ಬಿದ್ದಳು. ಸುತ್ತ ಗಂಡಸರ ಕಾಲುಗಳು ನೆರೆದವು. ಯಾರೋ ನೀರು ಚಿಮುಕಿಸಿದರು, ಯಾರೋ ಎತ್ತಿ ಕೂರಿಸಿದರು.

ಆ ಮನೆಗೆ ಒಬ್ಬನೇ ಡಾಕ್ಟರು, ಚನ್ನವೀರಪ್ಪ. ಬಸವಣ್ಣೆಪ್ಪನ ಬಾಲ್ಯದ ಗೆಳೆಯ, ನೀಲಾಳಿಗೆ ಡಾಕ್ಟರ್ ಕಾಕಾ. ಜ್ವರವಿರಲಿ, ಬಸಿರಿರಲಿ, ಅವನನ್ನು ಬಿಟ್ಟು ಇನ್ನೊಬ್ಬರಿಗೆ ನಾಡಿ ತೋರಿಸಿದವರಿಲ್ಲ. ಅವನ ದವಾಖಾನೆಯಲ್ಲಿ ಅಪ್ಪ ಮೊದಲು ತಾನೊಬ್ಬನೇ ಒಳಗೆ ಹೋಗಿ ಬಂದ. ಆಮೇಲೆ ಅವಳನ್ನು ಕರೆದರು. ನಾವು ಬಾಗಿಲ ಹೊರಗೆ ಉಳಿದೆವು.

"ಹಾರ್ಟ್ ಸ್ವಲ್ಪ ವೀಕ್ ಐತವಾ," ಎಂದ ಕಾಕಾ. "ಇನ್ನ ನಡಿಯೂದು ಗಿಡಿಯೂದು ಬ್ಯಾಡ. ಮನ್ಯಾಗ ಆರಾಮ ಇರು."

ಎರಡು ವರ್ಷ ನಾವು ಬಾಗಿಲ ಪಕ್ಕದ ಗೂಡಿನಲ್ಲಿದ್ದೆವು. ಅವಳು ಬಟ್ಟೆ ಒಣಹಾಕಲು ಮಾಳಿಗೆ ಹತ್ತುವುದನ್ನೂ ಬಿಟ್ಟಳು. ನಾಲ್ಕು ಹೆಜ್ಜೆ ಇಟ್ಟರೆ ನಿಲ್ಲುವಳು, ಅಂಗೈಯನ್ನು ಎದೆಯ ಮೇಲಿಡುವಳು, ಒಳಗಿನದನ್ನು ಕೇಳಿಸಿಕೊಳ್ಳುವಳು. ಮೈ ಬಂತು. ಗಂಡಿನ ಕಡೆಯವರು ಬಂದು ಅವಲಕ್ಕಿ ತಿಂದು ಹೋಗುತ್ತಿದ್ದರು. ಒಳಗೆ ನಗುತ್ತಿದ್ದವರು ನನ್ನ ಪಕ್ಕ ಚಪ್ಪಲಿ ಮೆಟ್ಟುವಾಗ ನಿಜ ಹೇಳುತ್ತಿದ್ದರು. "ಹುಡುಗಿ ದಪ್ಪ ಆತು." ಅವರು ಹೋದ ಮೇಲೆ ಗಂಗವ್ವ ಮಗಳ ಮೇಲೆ ಹಾಯುತ್ತಿದ್ದಳು. "ಕುಂತ ಕುಂತ ಮೈ ಬೆಳಸ್ಕೊಂಡಿ. ಯಾರ್ ಮಾಡ್ಕೋತಾರ ನಿನ್ನ?" ಎದೆಯ ವಿಷಯ ಹೊರಗೆ ಗೊತ್ತಾದರೆ ಮದುವೆಯಾಗದು ಎಂದು ಅಪ್ಪ ಅದನ್ನು ಅವ್ವನಿಗೂ ಹೇಳಗೊಟ್ಟಿರಲಿಲ್ಲ. ಹಾಗಾಗಿ ನೀಲಾ ಬೈಗುಳವನ್ನು ನುಂಗಿಕೊಳ್ಳುತ್ತಿದ್ದಳು.

ಒಂದು ದಿನ ಅವಳು ಚಪ್ಪಲಿ ಮೆಟ್ಟಿ, ಯಾರಿಗೂ ಹೇಳದೆ, ಸ್ಟೇಷನ್ ರಸ್ತೆಯ ಹೊಸ ಡಾಕ್ಟರಮ್ಮನ ಹತ್ತಿರ ಹೋಗಿ ಬಂದಳು. ಸುದ್ದಿ ತಂದದ್ದು ಆ ಚಪ್ಪಲಿ. ಎದೆಗೆ ವೈರು ಹಚ್ಚಿ ನೋಡಿದರಂತೆ, ರಕ್ತ ತೆಗೆದರಂತೆ. ಹೃದಯಕ್ಕೆ ಏನೂ ಆಗಿಲ್ಲ. ಮೈಯಲ್ಲಿ ರಕ್ತ ಕಡಿಮೆ, ಬಹಳ ಕಡಿಮೆ. ಗುಳಿಗೆ ತಗೋ, ಮೆಲ್ಲಗೆ ಮತ್ತೆ ನಡೆಯೋಕೆ ಶುರು ಮಾಡು ಎಂದರಂತೆ.

ಮರುದಿನವೇ ಅವಳು ನಮ್ಮ ಧೂಳು ಕೊಡವಿ ಕೈಚೀಲಕ್ಕೆ ಹಾಕಿಕೊಂಡಳು. "ಗುಡಿಗೆ ಹೋಗಿ ಬರ್ತೀನವ್ವಾ," ಎಂದು ಬರಿಗಾಲಲ್ಲೇ ಹೊರಟು, ಓಣಿ ದಾಟಿದ ಮೇಲೆ ನಮ್ಮನ್ನು ಮೆಟ್ಟಿದಳು. ಮೊದಲ ದಿನ ಬೇವಿನ ಮರದವರೆಗೆ ಮಾತ್ರ. ಅಲ್ಲಿ ಕೈ ಎದೆಗೆ ಹೋಯಿತು, ತಿರುಗಿ ಬಂದಳು. ಕೆಲವು ದಿನಗಳ ಮೇಲೆ ಮರ ದಾಟಿದೆವು. ಮೀನಖಂಡ ಹಿಡಿದುಕೊಳ್ಳುತ್ತಿತ್ತು, ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ಆದರೂ ಒಂದು ದಿನ ಅವಳು ಮತ್ತೆ ತನ್ನಷ್ಟಕ್ಕೆ ಮಾತಾಡತೊಡಗಿದಳು. ನನ್ನ ಬದುಕಿನಲ್ಲಿ ಸಂತೋಷ ಎಂದು ಏನಾದರೂ ಇದ್ದರೆ ಅದೇ.

ಮುಂದಿನ ತಪಾಸಣೆಗೆ ಮೈದಾನದಿಂದ ನೇರವಾಗಿ ಡಾಕ್ಟರಮ್ಮನ ಹತ್ತಿರ ಹೋದಳು. ಚಪ್ಪಲಿಗಳ ಸಾಲಿನಲ್ಲಿ ನಮ್ಮನ್ನೂ ಬಿಟ್ಟಳು. ಒಳಗೆ ಬಹಳ ಮಂದಿ ಇದ್ದರು, ಬಿಸಿಲು ಏರಿತು. ರಸ್ತೆಯಲ್ಲಿ ಹೋಗುತ್ತಿದ್ದ ಸ್ಕೂಟರೊಂದು ನಿಂತಿತು. ಅಂಗಡಿಗೆ ಹೊರಟಿದ್ದ ಬಸವಣ್ಣೆಪ್ಪ ಕೆಂಪು ಲಾಡಿಯನ್ನು ನೋಡಿದ, ಗೋಡೆಯ ಮೇಲಿನ ಫಲಕವನ್ನು ನೋಡಿದ. ಒಳಗೆ ಹೋಗಲಿಲ್ಲ. ಬಗ್ಗಿ ನಮ್ಮಿಬ್ಬರನ್ನೂ ಎತ್ತಿ ಸ್ಕೂಟರಿಗೆ ಸಿಕ್ಕಿಸಿಕೊಂಡು ಹೊರಟುಹೋದ.

ಮಗಳು ಮನೆಗೆ ಬರಿಗಾಲಲ್ಲಿ ಬಂದಳು. ಏಪ್ರಿಲ್ ತಿಂಗಳ ಡಾಂಬರು.

ಸಂಜೆ ಕಾಕಾನನ್ನು ಮನೆಗೆ ಕರೆಸಿದರು. "ನಿನಗ ಹೆಂಗ ಮುಖ ತೋರಸ್ಲೋ ಚನ್ನವೀರಾ," ಎಂದ ಅಪ್ಪ. "ಇಕಿ ಬ್ಯಾರೆ ಡಾಕ್ಟರಮ್ಮನ ಕಡೆ ಹೋಗ್ಯಾಳ."

ಕಾಕಾ ನಕ್ಕ. "ಹೋಗ್ಲಿ ಬಿಡೋ. ಏನಂದ್ಲವಾ ಆಕಿ?"

"ಹಾರ್ಟಿಗೆ ಏನೂ ಆಗಿಲ್ಲಂತ ಕಾಕಾ."

ಅವನು ಬೆಚ್ಚಲಿಲ್ಲ. ಬಸಿಯಲ್ಲಿ ಚಹಾ ಸುರಿದು ಊದಿದ. "ಈ ವಯಸ್ನಾಗ ಹಾರ್ಟಿಗೆ ಏನಾಗ್ತದ? ಅವತ್ತ ನಿಮ್ಮಪ್ಪ ಹೇಳಿದ್ದ. ಹುಡುಗಿ ಬಯಲಾಗ ಬಿದ್ದಾಳ, ಗಂಡಸ್ರು ಮುಟ್ಟಿ ಎಬ್ಬಿಸ್ಯಾರ, ಊರ ಮಂದಿ ಕಣ್ಣು ಸುಮ್ಮನಿರಂಗಿಲ್ಲ, ಇನ್ನ ಆ ಕಡೆ ಹೋಗಧಂಗ ಏನರ ಹೇಳಿ ಹೆದರಸು ಅಂದ. ಹೇಳಿದೆ. ನೀ ಇಷ್ಟು ಮನಸಿಗೆ ಹಚ್ಕೋತಿ ಅಂತ ಯಾರಿಗ್ ಗೊತ್ತು?"

"ಬಿದ್ದದ್ದು ಯಾಕಂತ ನೋಡ್ಲಿಲ್ಲೇನ್ರಿ?" ಎಂದಳು ನೀಲಾ.

"ಹಸದ ಹೊಟ್ಟಿ ಇರಬೇಕು ಅನ್ಕೊಂಡೆ."

"ನಿನ್ನ ಚೊಲೋದಕ್ಕ ಮಾಡಿದ್ದು," ಎಂದ ಅಪ್ಪ, ನೆಲ ನೋಡುತ್ತ.

ಅಡುಗೆಮನೆಯ ಬಾಗಿಲಿನಿಂದ ಗಂಗವ್ವನ ದನಿ ಬಂತು. "ನನಗರ ಹೇಳಬಾರದಿತ್ತೇನ್ರಿ? ದಿನಾ ಬೈದೆ ಆಕಿನ್ನ. ದಿನಾ."

ನೀಲಾ ಎದ್ದು ಗೂಡಿನ ಹತ್ತಿರ ಬಂದು, ಅಪ್ಪ ತಂದಿಟ್ಟಿದ್ದ ನಮ್ಮೊಳಗೆ ಸುಟ್ಟ ಪಾದಗಳನ್ನು ಇಟ್ಟಳು. ಬೊಬ್ಬೆ ಒಡೆದು ಒಳಗೆಲ್ಲ ಒದ್ದೆಯಾಯಿತು. ಎಲ್ಲರೆದುರೇ ಲಾಡಿ ಬಿಗಿದು ಹೊರಟಳು. ಯಾರೂ ತಡೆಯಲಿಲ್ಲ. ಅಂದಿನಿಂದ ನಮ್ಮನ್ನು ಚೀಲದಲ್ಲಿ ಬಚ್ಚಿಡಲಿಲ್ಲ. ಅಪ್ಪನೊಡನೆ ಮಾತೂ ಆಡಲಿಲ್ಲ.

ನಡೆದು ನಡೆದು ನನ್ನ ಅಟ್ಟೆ ಸವೆಯಿತು. ಅವಳಿಯನ್ನು ನಾಯಿ ಕಚ್ಚಿಕೊಂಡು ಹೋಯಿತು. ಅವಳು ಹೊಸ ಬೂಟು ತಂದುಕೊಂಡಳು. ಅಷ್ಟರಲ್ಲಿ ಬಸವಣ್ಣೆಪ್ಪ ಮಾಳಿಗೆಯ ಮೇಲೆ ಕೋಣೆ ಕಟ್ಟಿಸತೊಡಗಿದ. ದೃಷ್ಟಿಯಾಗದಿರಲು ಹಳೆಯ ಬೂಟೊಂದನ್ನು ಕಟ್ಟಬೇಕು ಎಂದ ಗೋಡೆ ಕಟ್ಟುವ ಗೌಂಡಿ. ಗೂಡಿನಿಂದ ನನ್ನನ್ನು ತೆಗೆದು, ಅದೇ ಕೆಂಪು ಲಾಡಿಯಿಂದ ಮಾಳಿಗೆಯ ಬಿದಿರಿನ ಗಳುವಿಗೆ ಕಟ್ಟಿದವನು ಬಸವಣ್ಣೆಪ್ಪನೇ. ಊರ ಮಂದಿಯ ಕಣ್ಣಿಗೆ ಅವನು ಈಗಲೂ ಅಷ್ಟೇ ಹೆದರುತ್ತಾನೆ.

ಇಷ್ಟು ಕಾಲ ಎಲ್ಲರನ್ನೂ ಕೆಳಗಿನಿಂದ ನೋಡಿದವನು ನಾನು. ಈಗ ಮೇಲಿನಿಂದ ಮೈದಾನ ಕಾಣುತ್ತದೆ. ಅವಳ ರಕ್ತ ಸರಿಯಾಗಿದೆಯಂತೆ, ನಡಿಗೆಯೂ ಚುರುಕಾಗಿದೆ. ಆದರೆ ಬೇವಿನ ಮರ ಬಂತೆಂದರೆ ಹೆಜ್ಜೆ ತಡೆಯುತ್ತದೆ, ಅಂಗೈ ಎದೆಗೆ ಏರುತ್ತದೆ. ಇಲ್ಲದ ರೋಗಕ್ಕೆ ಯಾವ ಡಾಕ್ಟರು ಗುಳಿಗೆ ಬರೆದಾರು?

ಅದೇ ಹೊತ್ತಿಗೆ ಬಸವಣ್ಣೆಪ್ಪ ನನ್ನ ಕೆಳಗೆ ನಿಂತು ಹಸಿ ಗೋಡೆಗೆ ನೀರು ಹೊಡೆಯುತ್ತಿರುತ್ತಾನೆ. ಅವನಿಗೂ ಆ ಮರ ಕಾಣುತ್ತದೆ. ಅವಳು ಕೈ ಇಳಿಸುವ ತನಕ ಪೈಪಿನ ನೀರು ಒಂದೇ ಕಡೆ ಬೀಳುತ್ತಿರುತ್ತದೆ. ಅಲ್ಲಿ ಗೋಡೆಯ ಗಾರೆ ಕೊರೆದುಹೋಗಿ ಇಟ್ಟಿಗೆ ಕಾಣುತ್ತಿದೆ.