ಮೂರು ಸಲ ಸಾಕು

“ಇವನಿಗೆ ಕೆಲಸ ಬರಲ್ಲ ಸ್ವಾಮಿ, ಕೆಲಸದ ಹುಚ್ಚು ಅಷ್ಟೇ. ಕೈ ಕಟ್ಟಿ ಕೂರಿಸಿದ್ರೇ ವಾಸಿ, ಇನ್ನೊಂದು ಮೇಜಾದ್ರೂ ಉಳಿಯುತ್ತೆ.”

ತನ್ನ ಮರಗೆಲಸದ ಅಂಗಡಿಯಲ್ಲಿ ಸೋದರಳಿಯನನ್ನು ತೋರಿಸಿ ಮಾವ ಹೀಗೆ ಅಂದಾಗ ಮೇಜು ಒಯ್ಯಲು ಬಂದಿದ್ದ ಗಿರಾಕಿ, ಅವನ ಹೆಂಡತಿ, ಅಂಟಣ್ಣ ಎಲ್ಲರೂ ಅಲ್ಲೇ ಇದ್ದರು. ಅಂಟಣ್ಣ ಅಂದರೆ ಹಲಗೆಗೆ ಅಂಟು ಬಳಿಯುವವನು. ಬೆಳಿಗ್ಗೆ ಕೂತರೆ ಸಂಜೆವರೆಗೂ ಜಾಗ ಬಿಟ್ಟು ಏಳದ ಆಸಾಮಿ. ಗಿರಾಕಿಯ ಹೆಂಡತಿ ಕಿಸಕ್ಕನೆ ನಕ್ಕಳು. ಸೋದರಳಿಯ ಮೇಜನ್ನೇ ನೋಡುತ್ತಾ ನಿಂತ.

ತಪ್ಪು ಅವನದೇ. ಮೇಜಿನ ಮೈ ಅಸಲಿ ಮರದ್ದಲ್ಲ. ಅಗ್ಗದ ಹಲಗೆಯ ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಒಳ್ಳೆ ಮರದ ಹಾಳೆ. ಅದನ್ನು ಸ್ಯಾಂಡ್‌ಪೇಪರಿನಿಂದ ಮೂರು ಸಲ ಉಜ್ಜಿ ಬಿಟ್ಟುಬಿಡಬೇಕು. ಅವನು ಊಟ ಬಿಟ್ಟು ಉಜ್ಜಿದ್ದ. ಪಾಲಿಶ್ ಕುಡಿದ ಮೇಲೆ ಮರದ ಗೆರೆಗಳು ನೀರಿನ ಹಾಗೆ ಹರಿಯಬೇಕು ಅನ್ನುವುದು ಅವನ ಆಸೆ. ಒಂದು ಮೂಲೆಯಲ್ಲಿ ಹಾಳೆ ಸವೆದು, ಅಂಗೈಯಗಲ ಅಡಿಯ ಹಲಗೆ ಬೋಳಾಗಿ ಇಣುಕಿತ್ತು.

ಶಾಲೆ ಬಿಟ್ಟಾಗಿನಿಂದ ಹತ್ತು ವರ್ಷ ಅವನು ಹೀಗೇ. ಕಣ್ಣು ಮುಚ್ಚಿ ಬೆರಳಾಡಿಸಿ ಯಾವ ಮರವೆಂದು ಹೇಳುತ್ತಿದ್ದ. ಓದಿದವರು ಚಂದದ ಮಾತಿನಲ್ಲಿ ಉತ್ಸಾಹ ಅನ್ನುವುದು ಇದನ್ನೇ. ಕೆಲಸ ಚೆನ್ನಾಗಿ ಬಂದ ದಿನ ಮಾವನೂ “ನಮ್ಮಕ್ಕನ ಮಗನ ಕೈಯಲ್ಲಿ ಬೆಂಕಿ ಇದೆ” ಎಂದು ಮೀಸೆ ತಿರುವುತ್ತಿದ್ದ. ಕೆಟ್ಟ ದಿನ ಅದಕ್ಕೇ ಹುಚ್ಚು ಎಂದು ಹೆಸರು.

ಸಿಟ್ಟು ಬರುತ್ತದೆ ಎಂದು ಅವನು ಕಾದ. ಮನೆಗೆ ಹೋದ, ಉಂಡ, ಮಲಗಿದ. ಬರಲಿಲ್ಲ. ನನ್ನ ತಮ್ಮನ ಬಾಯಿಯೇ ಹಾಗೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದಳು ಅಮ್ಮ. ಹಚ್ಚಿಕೊಳ್ಳಲು ಮನಸ್ಸೇ ಕೈಗೆ ಸಿಗಲಿಲ್ಲ.

ಮಾರನೆಯ ದಿನದಿಂದ ಎಣಿಸಿ ಮೂರು ಸಲ ಉಜ್ಜಿ, ಉಜ್ಜುವ ಕಾಗದ ಮಡಚಿಟ್ಟ. ಹೊತ್ತಿಗೆ ಸರಿಯಾಗಿ ಬಂದ, ಹೊತ್ತಿಗೆ ಸರಿಯಾಗಿ ಹೋದ. ಒಂದು ಹಲಗೆಯೂ ಕೆಡಲಿಲ್ಲ. ಗಿರಾಕಿಗಳು ದೂರಲಿಲ್ಲ, ಮೇಜಿನ ಮೇಲೊಮ್ಮೆ ಕೈಯಾಡಿಸಿ ನೋಡಲೂ ಇಲ್ಲ. ನೀನೂ ನನ್ನ ಹಾಗೆ ಬೇರು ಬಿಟ್ಟೆಯಲ್ಲೋ ಎಂದು ಅಂಟಣ್ಣ ಕಿಚಾಯಿಸಿದ. ಅವನು ಹೂಂ ಅಂದ.

ಎರಡು ತಿಂಗಳಾದ ಮೇಲೆ ಮಾವ ಹಳೆಯ ಬಾಗಿಲೊಂದನ್ನು ಹೊರಿಸಿಕೊಂಡು ಬಂದ. ಅದರ ಮೈಗೆ ಐದಾರು ಪದರ ಬಣ್ಣ ಮೆತ್ತಿತ್ತು. ಅದನ್ನು ಅಳಿಯನ ಮುಂದೆ ಒರಗಿಸಿ, ಈ ಸಲ ಬೇರೆ ಯಾರಿಗೂ ಕೇಳದ ಹಾಗೆ ಹೇಳಿದ.

“ಒಳಗೆಲ್ಲ ಗಟ್ಟಿ ಮರ ಕಣೋ. ಮನಸ್ಸು ತಣಿಯೋವರೆಗೂ ಉಜ್ಜು. ನಿನ್ನಿಂದ್ಲೇ ಆಗೋ ಕೆಲಸ ಇದು.”

ಅವನು ಬಾಗಿಲ ಮೇಲೆ ಅಂಗೈ ಇಟ್ಟ. ಹಿಂದೆಯಾಗಿದ್ದರೆ ಬೆರಳ ತುದಿ ಜುಮ್ಮೆನ್ನುತ್ತಿತ್ತು. ಈಗ ತಣ್ಣಗಿನ ಹಲಗೆ, ಅಷ್ಟೇ. ಕಾಗದ ತೆಗೆದುಕೊಂಡು ಉಜ್ಜಿದ. ಒಂದು, ಎರಡು, ಮೂರು. ಬಣ್ಣ ಮೊದಲೇ ಚಕ್ಕೆಯೆದ್ದಿದ್ದ ಉಗುರಿನಷ್ಟು ಜಾಗದಲ್ಲಿ ಕೆಂಪು ಮರ ಕಂಡಿತು. ಮರ ಚೆನ್ನಾಗಿದೆ ಎಂದು ಅವನಿಗೆ ಗೊತ್ತಾಯಿತು. ಬರೀ ಗೊತ್ತಾಯಿತು. ಕಾಗದ ಮಡಚಿಟ್ಟ.

“ಯಾಕೋ ನಿಲ್ಲಿಸ್ಬಿಟ್ಟೆ? ಎಲ್ಲಿ ಹೋಯ್ತೋ ಆ ಹುಚ್ಚು?”

ಅಂಟಣ್ಣನ ಬ್ರಶ್ ಅಲ್ಲೇ ನಿಂತಿತು. ಮಾವನ ದನಿಯಲ್ಲಿ ಗದರಿಕೆ ಇರಲಿಲ್ಲ, ಹೆದರಿಕೆ ಇತ್ತು. ಅವನು ಕೈಗೆ ಮೆತ್ತಿದ ಪುಡಿ ಒರೆಸಿಕೊಂಡು, ಚಪ್ಪಲಿ ಮೆಟ್ಟಿ, ಒರಗಿಸಿದ್ದ ಬಾಗಿಲನ್ನು ದಾಟಿ, ಕೆಲಸ ಬಿಡುವ ಹೊತ್ತಾಗುವ ಮೊದಲೇ ಬೀದಿಗಿಳಿದು ನಡೆದ.